ಬಂದರುಗಳನ್ನು ಬರೆದಿಟ್ಟ ಕ್ಲಾಡ್ ಲೊರೇನ್

ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತಕ್ಕೆ ಸಮುದ್ರವಿಲ್ಲ. ಅಲ್ಲಿಯ ಮೊಸೆಲ್ ನದಿಯ ದಂಡೆಯ ಶಮಾನ್ ಎಂಬ ಹಳ್ಳಿಯಲ್ಲಿ, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದ ಕ್ಲಾಡ್ ಜೆಲ್ಲೆ ಎಂಬ ಬಡ ಬಾಲಕನೇ ಮುಂದೆ ಬಂದರು, ಹಡಗು, ಅಸ್ತಮಿಸುವ ಸೂರ್ಯ ಇವುಗಳನ್ನು ಚಿತ್ರಿಸುವುದರಲ್ಲಿ ಯುರೋಪಿಗೇ ಗುರುವಾದನು. ಹುಟ್ಟಿದ ನಾಡಿನ ಹೆಸರು ಅಂಟಿಕೊಂಡು, ಜಗತ್ತು ಅವನನ್ನು ಕ್ಲಾಡ್ ಲೊರೇನ್ ಎಂದು ಕರೆಯಿತು.

ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಅವನು ಅಡುಗೆಮನೆಯಲ್ಲಿ ಹಿಟ್ಟಿನ ತಿನಿಸು ಬೇಯಿಸುವ ಕೆಲಸ ಕಲಿತನೆಂದು ಅವನನ್ನು ಬಲ್ಲ ಸಾಂದ್ರಾರ್ಟ್ ಬರೆದಿದ್ದಾನೆ. ಅಣ್ಣನ ಬಳಿ ಮರದ ಕೆತ್ತನೆ ಕಲಿತನೆಂದು ಬಾಲ್ದಿನುಚ್ಚಿ ಬರೆದಿದ್ದಾನೆ. ಯಾವುದು ನಿಜವಾದರೂ ಬಡತನವಂತೂ ನಿಜ. ರೋಮಿನಲ್ಲಿ ಅಗೊಸ್ಟಿನೊ ಟಾಸ್ಸಿ ಎಂಬ ಚಿತ್ರಕಾರನ ಮನೆಯಲ್ಲಿ ಬಣ್ಣ ಅರೆಯುತ್ತ, ಕುಂಚ ತೊಳೆಯುತ್ತ ವಿದ್ಯೆ ಕಲಿತನು. 1625ರಲ್ಲಿ ಊರಿಗೆ ಮರಳಿ, ನಾನ್ಸಿ ನಗರದ ಕಾರ್ಮೆಲ್ ಸಭೆಯ ದೇವಾಲಯದಲ್ಲಿ ಚಿತ್ರಕೆಲಸಕ್ಕೆ ನಿಂತನು. ಆದರೆ ಮನಸ್ಸು ರೋಮಿನಲ್ಲಿತ್ತು. ಮಾರ್ಸೇಲ್ ಬಂದರಿನಿಂದ ಹಡಗು ಹತ್ತಿ, ಬಿರುಗಾಳಿಗೆ ಸಿಕ್ಕಿ ಪಾರಾಗಿ, ಚಿತ್ರಕಾರರ ಪಾಲಕನಾದ ಸಂತ ಲೂಕನ ಹಬ್ಬದಂದೇ, 1627ರ ಅಕ್ಟೋಬರ್ 18ರಂದು, ರೋಮ್ ತಲುಪಿದನು. ಅಲ್ಲಿಂದಾಚೆಗೆ ಆ ನಗರವೇ ಅವನ ಮನೆ.

ಜಗದ್ಗುರು 8ನೆಯ ಉರ್ಬಾನರೂ ಸ್ಪೇನಿನ ದೊರೆ 4ನೆಯ ಫಿಲಿಪನೂ ಅವನಿಂದ ಚಿತ್ರಗಳನ್ನು ಬರೆಸಿಕೊಂಡರು. ಕೀರ್ತಿಯ ಬೆನ್ನಿಗೇ ಕಳ್ಳತನವೂ ಬಂತು. ಅವನ ಶೈಲಿಯನ್ನು ನಕಲು ಮಾಡಿದ ಚಿತ್ರಗಳು ಅವನ ಹೆಸರಿನಲ್ಲೇ ಮಾರಾಟವಾಗತೊಡಗಿದವು. ಕೊಂಡವರು ಅವನ್ನು ಹೊತ್ತುತಂದು, ಇದು ನಿನ್ನದೇ ಹೌದೇ ಎಂದು ಕೇಳುವಂತಾಯಿತು. ಕ್ಲಾಡ್ ನ್ಯಾಯಾಲಯಕ್ಕೆ ಹೋಗಲಿಲ್ಲ. ಸುಮಾರು 1635ರಿಂದ ಒಂದು ಪುಸ್ತಕವನ್ನು ಇಟ್ಟುಕೊಂಡು, ಮುಗಿದ ಬಹುತೇಕ ಚಿತ್ರಗಳು ಮನೆಯಿಂದ ಹೊರಡುವ ಮುನ್ನ ಅವುಗಳ ರೂಪವನ್ನು ಲೇಖನಿ ಮತ್ತು ಕಂದು ಮಸಿಯಿಂದ ಅದರಲ್ಲಿ ಬರೆದಿಟ್ಟನು. ಹಾಳೆಯ ಹಿಂಬದಿಯಲ್ಲಿ, ಆ ಚಿತ್ರ ಯಾರಿಗೆ ಹೋಯಿತೆಂಬ ಟಿಪ್ಪಣಿ. ಅಕ್ಷರವಿದ್ಯೆಯಲ್ಲಿ ಅವನು ಬಲು ಹಿಂದೆ. ಅವನ ಕಾಗುಣಿತ ಓದುವವರನ್ನು ಇಂದಿಗೂ ಪೀಡಿಸುತ್ತದೆ. ಹೀಗಿದ್ದೂ ಸುಮಾರು 200 ಹಾಳೆಗಳ ಈ ಲೆಕ್ಕವನ್ನು ಅವನು ಬದುಕಿನುದ್ದಕ್ಕೂ ಬಿಡಲಿಲ್ಲ. ಲಿಬೆರ್ ವೆರಿತಾತಿಸ್, ಅಂದರೆ ಸತ್ಯದ ಪುಸ್ತಕ, ಎಂಬುದು ಅದರ ಪ್ರಸಿದ್ಧ ಹೆಸರು.

ಬುದ್ಧಿಯು ವಸ್ತುವಿಗೆ ಸರಿಹೊಂದುವುದೇ ಸತ್ಯವೆಂದು ಸಂತ ತೋಮಸ್ ಅಕ್ವಿನಾಸರ ಪರಂಪರೆ ಬೋಧಿಸುತ್ತದೆ. ಆ ಅಳತೆಗೋಲು ಹಿಡಿದರೆ ಈ ಪುಸ್ತಕ ತನ್ನ ಹೆಸರಿಗೆ ಪೂರ್ತಿ ಸಲ್ಲದು. ಹಾಳೆಯ ಆಕಾರಕ್ಕೆ ತಕ್ಕಂತೆ ಅವನು ಅಲ್ಲಲ್ಲಿ ಚಿತ್ರವನ್ನು ಹೊಂದಿಸಿಕೊಂಡಿದ್ದಾನೆ. ಕೇವಲ ಕಳ್ಳರನ್ನು ಹಿಡಿಯುವುದಕ್ಕಾಗಿದ್ದರೆ ನಾಲ್ಕು ಗೆರೆ ಸಾಕಾಗಿತ್ತು. ಅವನಾದರೋ ಬಿಳಿಯ ಮತ್ತು ನೀಲಿಯ ಹಾಳೆಗಳನ್ನು ಬೆರೆಸಿ ಪುಸ್ತಕ ಕಟ್ಟಿಸಿ, ಹಡಗಿನ ಕಂಬ, ಹಗ್ಗ, ಮಡಿಚಿದ ಹಾಯಿ ಇವುಗಳನ್ನು ಲೇಖನಿಯ ಮೊನೆಯಿಂದ ಎಳೆದು, ನೀರು ಬೆರೆಸಿದ ಮಸಿಯನ್ನು ತೆಳ್ಳಗೆ ಸವರಿ ನೆರಳು ತಂದನು. ದೂರ ಹೋದಂತೆ ಮಸಿ ತೆಳುವಾಗುತ್ತದೆ, ಹಡಗು ಮಂಜಾಗುತ್ತದೆ. ಕೈಬಿಟ್ಟು ಹೋಗುವ ಕೃತಿಯನ್ನು ತನಗಾಗಿ ಉಳಿಸಿಕೊಳ್ಳುವ ಹಂಬಲವೇ ಇಲ್ಲಿ ಹೆಚ್ಚೆಂದು ನಮಗೆ ತೋರುತ್ತದೆ.

ಅವನ ಬಂದರುಗಳೆಲ್ಲ ಹೆಚ್ಚಾಗಿ ಅಗಲಿಕೆಯ ಬಂದರುಗಳು. ಫಿಲಿಪ್ ದೊರೆಗಾಗಿ ಬರೆದು ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ವಿಧವೆ ಸಂತ ಪಾವುಲಾ ಓಸ್ಟಿಯಾ ಬಂದರಿನಲ್ಲಿ ಹಡಗು ಹತ್ತಲಿದ್ದಾಳೆ. 385ರಲ್ಲಿ ಆಕೆ ಮಗಳು ಯುಸ್ತೋಕಿಯಂಳೊಡನೆ ರೋಮನ್ನು ತೊರೆದು ಪವಿತ್ರ ನಾಡಿಗೆ ಹೊರಟಾಗ, ಪುಟ್ಟ ಮಗ ತೊಕ್ಸೋತಿಯುಸ್ ದಡದಲ್ಲಿ ಕೈಚಾಚಿ ನಿಂತಿದ್ದನೆಂದು ಸಂತ ಜೆರೋಮರು ದಾಖಲಿಸಿದ್ದಾರೆ. ಮಕ್ಕಳನ್ನು ಹೊರನಾಡಿಗೆ ಕಳುಹಿಸಿದ ನಮ್ಮ ಕುಟುಂಬಗಳಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಹೊರಟವಳು ತಾಯಿ ಎಂಬುದಷ್ಟೇ ಭೇದ. 1641ರಲ್ಲಿ ಕಾರ್ಡಿನಲ್ ಪೋಲಿಯವರಿಗಾಗಿ ಬರೆದ ಚಿತ್ರದಲ್ಲಿ ಸಂತ ಉರ್ಸುಲಾ ತನ್ನ ಕನ್ಯೆಯರೊಡನೆ ನೌಕೆಯೇರಲು ಬರುತ್ತಾಳೆ. ಐತಿಹ್ಯದ ಪ್ರಕಾರ ಮುಂದೆ ಕೊಲೋನ್ ನಗರದಲ್ಲಿ ಅವರೆಲ್ಲ ರಕ್ತಸಾಕ್ಷಿಗಳಾದರು. ಮಂಗಳೂರಿನ ಉರ್ಸುಲಾಯ್ನ್ ಫ್ರಾನ್ಸಿಸ್ಕನ್ ಭಗಿನಿಯರಿಂದ ಈ ಹೆಸರು ನಮಗೆ ಪರಿಚಿತವೇ. ಸಂತಳ ಮುಖ ಮಾತ್ರ ಚಿಕ್ಕದು. ಮನುಷ್ಯರೂಪ ಬರೆಯುವುದರಲ್ಲಿ ಕ್ಲಾಡನಿಗೆ ಅಷ್ಟು ಕೈ ಪಳಗಿರಲಿಲ್ಲ.

ಕ್ಲಾಡ್ ಮದುವೆಯಾಗಲಿಲ್ಲ. ಅವನ ಮನೆಯಲ್ಲಿ ಆಗ್ನೆಸ್ ಎಂಬ ಹುಡುಗಿ ಬೆಳೆದಳು; ಅವಳು ಅವನದೇ ಮಗಳಿರಬಹುದೆಂದು ವಿದ್ವಾಂಸರು ಹೇಳುತ್ತಾರೆ, ಆ ಚರ್ಚೆಗೆ ನಾವು ಇಳಿಯುವುದಿಲ್ಲ. 1663ರಲ್ಲಿ ಕಾಯಿಲೆ ಬಿದ್ದು ಉಯಿಲು ಬರೆಸಿದಾಗ, ಈ ಪುಸ್ತಕ ಬದುಕಿರುವವರೆಗೆ ಆಗ್ನೆಸಳ ಬಳಿಯಲ್ಲೇ ಇರತಕ್ಕದ್ದೆಂದು ವಿಧಿಸಿದನು. ಮತ್ತೆ ಚೇತರಿಸಿಕೊಂಡು, ವಾತರೋಗದ ನೋವಿನಲ್ಲೂ ಸುಮಾರು ಎರಡು ದಶಕ ದುಡಿದು, 1682ರ ನವೆಂಬರ್ 23ರಂದು ತೀರಿಕೊಂಡನು. ರೋಮಿನ ತ್ರಿನಿತಾ ದೈ ಮೊಂತಿ ದೇವಾಲಯದಲ್ಲಿ ಹೂಳಿದ್ದ ಅವನ ಅವಶೇಷಗಳನ್ನು 1840ರಲ್ಲಿ ಫ್ರೆಂಚರ ಸಂತ ಲೂಯಿಸರ ದೇವಾಲಯಕ್ಕೆ ಸಾಗಿಸಲಾಯಿತು. ಪುಸ್ತಕವಾದರೋ ವಾರಸುದಾರರ ಕೈದಾಟಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕರ ಮನೆತನ ಸೇರಿ, 1957ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.