ಅಂದುಕೊಂಡದ್ದು ಗಣಿತ, ಕಲಿಸಿದ್ದು ತತ್ವಶಾಸ್ತ್ರ: ಜಮಖಂಡಿಯ ಗುರುದೇವ ರಾನಡೆ

ಪಿಯುಸಿಗೆ ಸೇರಿದ ದಿನದಿಂದ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಮುಂದೆ ಏನಾಗಬೇಕು ಅಂತ ಮಾಡಿದ್ದೀಯ ಎಂದು. ಸಿ.ಎ. ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾಗಿ ನನಗೆ ಇನ್ನೂ ಗೊತ್ತಿಲ್ಲ. ನನ್ನಂಥವರು ನಮ್ಮ ಕಾಲೇಜಿನಲ್ಲಿ ಇನ್ನೂ ಅನೇಕರು ಇರಬಹುದು. ಅವರಿಗಾಗಿ ನಮ್ಮದೇ ಭಾಗದಲ್ಲಿ ಹುಟ್ಟಿದ ಒಬ್ಬ ದೊಡ್ಡ ಶಿಕ್ಷಕರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಆಗ ಜಮಖಂಡಿ ಪಟವರ್ಧನ ಅರಸರ ಸಂಸ್ಥಾನವಾಗಿತ್ತು. ಮನೆಯಲ್ಲಿ ಮರಾಠಿ, ಊರಲ್ಲಿ ಕನ್ನಡ, ಶಾಲೆಯಲ್ಲಿ ಸಂಸ್ಕೃತ ಮತ್ತು ಇಂಗ್ಲಿಷ್. ಮನೆಯಲ್ಲಿ ಉರ್ದು, ಬಜಾರದಲ್ಲಿ ಕನ್ನಡ ಮಾತಾಡಿ, ಅಕೌಂಟೆನ್ಸಿಯನ್ನು ಇಂಗ್ಲಿಷ್‌ನಲ್ಲಿ ಓದುವ ನಮಗೆ ಈ ಪರಿಸ್ಥಿತಿ ಹೊಸದಲ್ಲ. ಭಾಷೆ ಹೆಚ್ಚಾದರೆ ಕಷ್ಟ ಎಂದು ನಾವು ಗೊಣಗುತ್ತೇವೆ. ರಾನಡೆಯವರಿಗೆ ಅದೇ ಮುಂದೆ ಆಸ್ತಿಯಾಯಿತು.

ಅವರು ಹೈಸ್ಕೂಲಿನಲ್ಲಿದ್ದಾಗ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರು ಜಮಖಂಡಿಗೆ ಬಂದಿದ್ದರು. ಉಮದಿ ಈಗ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿರುವ ಗಡಿ ಊರು. ಹದಿನೈದು ವರ್ಷದ ರಾಮಚಂದ್ರ ಅವರಿಂದ ನಾಮೋಪದೇಶ ಪಡೆದರು. ಆಗ ಅದು ಅವರ ಬದುಕನ್ನೇ ತಿರುಗಿಸುತ್ತದೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ. ಹುಡುಗನ ಗಮನವೆಲ್ಲ ಮ್ಯಾಟ್ರಿಕ್ ಪರೀಕ್ಷೆಯ ಮೇಲಿತ್ತು. ಮುಂದಿನ ವರ್ಷವೇ ಮ್ಯಾಟ್ರಿಕ್ ಪಾಸಾಗಿ, ಸಂಸ್ಕೃತಕ್ಕಾಗಿ ಕೊಡುವ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಪಡೆದು ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು.

ಸಂಸ್ಕೃತದಲ್ಲಿ ಬಹುಮಾನ ಪಡೆದವರು ಬಿ.ಎ.ಗೆ ಆರಿಸಿಕೊಂಡದ್ದು ಗಣಿತವನ್ನು. ಆದರೆ ಪದವಿಯ ನಂತರ ಅವರಿಗೆ ಭಾರೀ ಕಾಯಿಲೆ ಬಂತು. ಬದುಕುವುದೇ ಕಷ್ಟ ಎನ್ನುವ ಸ್ಥಿತಿ. ಓದು ನಿಂತಿತು, ಗೆಳೆಯರು ಮುಂದೆ ಹೋದರು. ಹಾಸಿಗೆಯಲ್ಲಿ ಮಲಗಿದ್ದ ಆ ದಿನಗಳಲ್ಲಿ ಅವರ ಮನಸ್ಸು ಲೆಕ್ಕದಿಂದ ಆತ್ಮದ ವಿಚಾರಕ್ಕೆ ತಿರುಗಿತು. ಜಮಖಂಡಿಯಲ್ಲಿ ಸಿಕ್ಕ ಗುರುವಿನ ಮಾತು ಈಗ ಆಸರೆಯಾಯಿತು. ಗುಣವಾದ ಮೇಲೆ ಅವರು ತತ್ವಶಾಸ್ತ್ರ ಓದಿ 1914ರಲ್ಲಿ ಎಂ.ಎ. ಮುಗಿಸಿದರು. ಅದೇ ವರ್ಷ ಭಾವುಸಾಹೇಬ ಮಹಾರಾಜರು ತೀರಿಕೊಂಡರು. ಅದೇ ವರ್ಷ ರಾನಡೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿದರು. ಗುರು ಹೋದ ವರ್ಷವೇ ಶಿಷ್ಯ ಶಿಕ್ಷಕನಾದದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಪಾಠ ಹೇಳಲು ನಿಂತ ಮೇಲೆ ಅವರ ಓದು ನಿಲ್ಲಲಿಲ್ಲ, ಹೆಚ್ಚಾಯಿತು. ಹೆರಾಕ್ಲಿಟಸ್, ಅರಿಸ್ಟಾಟಲ್ ಮುಂತಾದ ಗ್ರೀಕ್ ತತ್ವಜ್ಞಾನಿಗಳ ಬಗ್ಗೆ ಪ್ರಬಂಧ ಬರೆದರು. 1926ರಲ್ಲಿ ಉಪನಿಷತ್ತುಗಳ ಬಗ್ಗೆ ಅವರ ದೊಡ್ಡ ಇಂಗ್ಲಿಷ್ ಗ್ರಂಥ ಹೊರಬಂತು. ಉಪನಿಷತ್ತಿನ ವಿಚಾರಗಳನ್ನು ಒಂದೊಂದು ಪ್ರಶ್ನೆಯಾಗಿ ವಿಂಗಡಿಸಿ, ಗ್ರೀಕ್ ಮತ್ತು ಯುರೋಪಿನ ಚಿಂತಕರ ಜೊತೆ ಹೋಲಿಸಿ ನೋಡುವ ಕ್ರಮ ಅದರಲ್ಲಿದೆ. ಗಣಿತ ಓದಿದ್ದು ವ್ಯರ್ಥವಾಗಲಿಲ್ಲ ಎಂದು ನನಗೆ ಅನಿಸುತ್ತದೆ.

ನಡುವೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲೂ ಕಲಿಸಿದರು. ಆರೋಗ್ಯ ಮತ್ತೆ ಕೆಟ್ಟಿತು. ಇಂಡಿ ತಾಲೂಕಿನ ನಿಂಬಾಳದಲ್ಲಿ ಶಾಂತವಾಗಿ ಇರಬೇಕೆಂದುಕೊಂಡಿದ್ದರು. ಅಷ್ಟರಲ್ಲಿ ದೂರದ ಅಲಹಾಬಾದ್ ವಿಶ್ವವಿದ್ಯಾಲಯದಿಂದ ಕರೆ ಬಂತು. 1927ರಲ್ಲಿ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹೋದರು. ಕೊನೆಗೆ ಕುಲಪತಿಯ ಸ್ಥಾನದವರೆಗೂ ಏರಿ, 1946ರಲ್ಲಿ ನಿವೃತ್ತರಾದರು. ರಜೆ ಬಂದರೆ ಮಾತ್ರ ನಿಂಬಾಳದ ರೈಲು ಹತ್ತುತ್ತಿದ್ದರು.

ಅವರ ಜೀವನದಲ್ಲಿ ನಾನು ಗಮನಿಸಿದ ಮುಖ್ಯ ವಿಷಯ ಇದು. ಕೆಲಸ ಕರೆದುಕೊಂಡು ಹೋದ ಪ್ರತಿ ಊರಿನಲ್ಲೂ ಅವರು ಆ ಊರಿನ ಭಾಷೆಯ ಸಂತರನ್ನು ಓದಿದರು. ಪುಣೆಯಲ್ಲಿದ್ದವರು ಜ್ಞಾನೇಶ್ವರ, ತುಕಾರಾಮರನ್ನು ಅಭ್ಯಾಸ ಮಾಡಿ 1933ರಲ್ಲಿ ಮಹಾರಾಷ್ಟ್ರದ ಸಂತರ ಬಗ್ಗೆ ಗ್ರಂಥ ಕೊಟ್ಟರು. ಅಲಹಾಬಾದಿಗೆ ಹೋಗದಿದ್ದರೆ ಹಿಂದಿ ಸಂತರ ಪುಸ್ತಕ ಬಹುಶಃ ಬರುತ್ತಲೇ ಇರಲಿಲ್ಲ. ಅದರಲ್ಲಿ ತುಳಸೀದಾಸ, ಮೀರಾ ಜೊತೆಗೆ ಕಬೀರರೂ ಇದ್ದಾರೆ. ಕಬೀರರು ನೇಕಾರರ ಮನೆಯಲ್ಲಿ ಬೆಳೆದವರು. ಮಗ್ಗದ ಸದ್ದು ಕೇಳುತ್ತಲೇ ಬೆಳೆದ ರಬಕವಿ-ಬನಹಟ್ಟಿಯ ಗೆಳೆಯರಿಗೆ ಅವರು ಹತ್ತಿರದವರೆನಿಸಬಹುದು. ನಿವೃತ್ತಿಯ ಮೇಲೆ ನಿಂಬಾಳಕ್ಕೆ ಮರಳಿದ ರಾನಡೆಯವರು ಬಾಲ್ಯದಲ್ಲಿ ಕೇಳಿದ ಕನ್ನಡಕ್ಕೂ ಮರಳಿದರು. ಕನ್ನಡದ ಶರಣರು, ದಾಸರ ಬಗ್ಗೆ ಅವರ ಪುಸ್ತಕ ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು.

ನಿಂಬಾಳದ ಆಶ್ರಮದಲ್ಲಿ ಅವರು ಪ್ರಾಧ್ಯಾಪಕರಾಗಿ ಉಳಿಯಲಿಲ್ಲ. ಓದು ಬಲ್ಲವರೂ, ಬಾರದವರೂ ಒಟ್ಟಿಗೆ ಕುಳಿತು ಕನ್ನಡ, ಮರಾಠಿ ಪದಗಳನ್ನು ಹಾಡುತ್ತಿದ್ದರು. ಜನ ಅವರನ್ನು ಗುರುದೇವ ಎಂದು ಕರೆದರು. 1957ರ ಜೂನ್ 6ರಂದು ಅಲ್ಲಿಯೇ ನಿಧನರಾದರು.

ರಾನಡೆಯವರ ಧರ್ಮ ಬೇರೆ, ನನ್ನದು ಬೇರೆ. ಆದರೆ ನಮ್ಮ ಮನೆಯಲ್ಲಿ ಉಸ್ತಾದ್ ಎಂಬ ಪದಕ್ಕೆ ಇರುವ ಗೌರವ, ಅವರು ತಮ್ಮ ಗುರುವಿಗೆ ಕೊಟ್ಟ ಗೌರವ ಒಂದೇ ಬಗೆಯದು. ಕಾಯಿಲೆ, ವರ್ಗಾವಣೆ, ಅನಿರೀಕ್ಷಿತ ಕರೆ ಇವು ಯಾವುದನ್ನೂ ಅವರು ಬಯಸಿ ತಂದುಕೊಳ್ಳಲಿಲ್ಲ. ಬಂದಾಗ ಅದರಿಂದ ಏನು ಕಲಿಯಬಹುದು ಎಂದು ನೋಡಿದರು, ಕಲಿತದ್ದನ್ನು ಬೇರೆಯವರಿಗೆ ಕಲಿಸಿದರು.

ಇನ್ನು ಮೇಲೆ ಮುಂದೆ ಏನಾಗುತ್ತೀಯ ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ಲ, ಓದುತ್ತಾ ಇರುತ್ತೇನೆ ಎಂದು ಹೇಳುವ ಧೈರ್ಯ ನನಗೆ ಬಂದಿದೆ. ಅಬ್ಬಾಜಾನ್ ಮುಂದೆ ಹೇಳುವ ಧೈರ್ಯ ಮಾತ್ರ ಇನ್ನೂ ಬರಬೇಕು.