ಕೋಣೆಯ ಸದ್ದನ್ನು ಲೆಕ್ಕಕ್ಕೆ ತಂದ ವಾಲೇಸ್ ಸೇಬಿನ್

ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠ ಓದಿದವರಿಗೆಲ್ಲ ‘ಅನುರಣನೆ’ ಎಂಬ ಪದ ನೆನಪಿರಬಹುದು. ಮಾತು ನಿಂತ ಮೇಲೂ ಗೋಡೆಯಿಂದ ಗೋಡೆಗೆ ಬಡಿದು ಸದ್ದು ಕೋಣೆಯಲ್ಲೇ ಉಳಿಯುವುದು ಅನುರಣನೆ. ಅದನ್ನು ಮೊದಲ ಬಾರಿಗೆ ಅಳೆದು ಸೂತ್ರಕ್ಕೆ ಇಳಿಸಿದವರು ಅಮೆರಿಕದ ವಾಲೇಸ್ ಕ್ಲೆಮೆಂಟ್ ಸೇಬಿನ್.

ಸೇಬಿನ್ ಅವರು 1868ರ ಜೂನ್ 13ರಂದು ಓಹಾಯೋ ರಾಜ್ಯದ ರಿಚ್‌ವುಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಹದಿನೆಂಟನೆಯ ವಯಸ್ಸಿಗೇ ಪದವಿ ಮುಗಿಸಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1888ರಲ್ಲಿ ಎಂ.ಎ. ಪಡೆದು ಅಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕರಾದರು. ಪಿಎಚ್.ಡಿ. ಮಾಡುವ ಗೋಜಿಗೆ ಅವರು ಹೋಗಲೇ ಇಲ್ಲ.

1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಕಲಾ ವಸ್ತುಸಂಗ್ರಹಾಲಯ ತೆರೆಯಿತು. ನೋಡಲು ಚೆಂದದ ಕಟ್ಟಡ. ಆದರೆ ಅದರ ಉಪನ್ಯಾಸ ಮಂದಿರದಲ್ಲಿ ಪಾಠ ಮಾಡುವುದೇ ಅಸಾಧ್ಯವಾಗಿತ್ತು. ಖಾಲಿ ಇದ್ದಾಗ ಒಂದು ಸದ್ದು ಸುಮಾರು ಐದೂವರೆ ಸೆಕೆಂಡು ಕೇಳುತ್ತಲೇ ಇರುತ್ತಿತ್ತು. ಅಷ್ಟರೊಳಗೆ ಉಪನ್ಯಾಸಕರು ಇನ್ನೊಂದು ವಾಕ್ಯವನ್ನೇ ಹೇಳಿ ಮುಗಿಸಿರುತ್ತಿದ್ದರು. ಇದನ್ನು ಸರಿಪಡಿಸುವ ಕೆಲಸವನ್ನು ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರು ಈ ಎಳೆಯ ಅಧ್ಯಾಪಕರಿಗೆ ವಹಿಸಿದರು.

ಇಂದಿನಂತೆ ಮೈಕ್ ಇಲ್ಲ, ಮೊಬೈಲ್ ಆ್ಯಪ್ ಇಲ್ಲ. ಸೇಬಿನ್ ಅವರ ಬಳಿ ಇದ್ದದ್ದು ಒಂದು ಆರ್ಗನ್ ಕೊಳವೆ, ಸಮಯ ಅಳೆಯುವ ಒಂದು ಉಪಕರಣ, ತಮ್ಮ ಎರಡು ಕಿವಿ. ಹಗಲಿನಲ್ಲಿ ರಸ್ತೆಯ ಗದ್ದಲ ಅಡ್ಡಿಯಾಗುತ್ತಿದ್ದುದರಿಂದ ನಡುರಾತ್ರಿಯ ಮೇಲೆ ಕೆಲಸ. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಕೆಲವನ್ನು ಹಾಸಿ ಅಳೆದು, ಇನ್ನಷ್ಟು ಹಾಸಿ ಮತ್ತೆ ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಅವೆಲ್ಲ ವಾಪಸು ಸ್ವಸ್ಥಾನ ಸೇರಬೇಕು! ಮಂದಿರದ ತುಂಬ ಮೆತ್ತೆಗಳನ್ನು ಹರಡಿದಾಗ ಅನುರಣನೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಎನ್ನುವಷ್ಟಕ್ಕೆ ಇಳಿಯಿತು. ತಾವು ತೊಟ್ಟ ಬಟ್ಟೆಯೂ ಸದ್ದನ್ನು ಹೀರಿ ಫಲಿತಾಂಶವನ್ನು ಏರುಪೇರು ಮಾಡುತ್ತಿದೆ ಎಂದು ತಿಳಿದಾಗ ಅವರು ಸಾವಿರಾರು ಅಳತೆಗಳನ್ನು ಕೈಬಿಟ್ಟು, ಒಂದೇ ಬಗೆಯ ಉಡುಪಿನಲ್ಲಿ ಮೊದಲಿನಿಂದ ಶುರುಮಾಡಿದರು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಅವರ ಬದುಕಿನಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ. ದುಡಿದು ಗಳಿಸಿದ ದತ್ತಾಂಶವನ್ನು ಎಸೆಯಲು ಎದೆಗಾರಿಕೆ ಬೇಕು.

ಅಷ್ಟರಲ್ಲಿ ಬಾಸ್ಟನ್ ನಗರದ ಹೊಸ ಸಂಗೀತ ಸಭಾಂಗಣಕ್ಕೆ ಸಲಹೆ ಕೇಳಿಬಂತು. ನಿಯಮ ಕೈಗೆ ಸಿಗದೆ ಅವರು ಹಿಂಜರಿದರು. 1898ರ ಶರತ್ಕಾಲದಲ್ಲಿ ಹಳೆಯ ಟಿಪ್ಪಣಿಗಳನ್ನು ಮತ್ತೆ ಹರಡಿಕೊಂಡು ಕುಳಿತಾಗ ಅದು ಹೊಳೆಯಿತು. ಈಗ ಬಳಸುವ ರೂಪದಲ್ಲಿ ಹೇಳುವುದಾದರೆ, ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನೆಯ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರಿಕೆಯನ್ನು ಅಳೆಯಲು ಅವರು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲವಲ್ಲ!

ಇದೇ ಲೆಕ್ಕವನ್ನು ನಮ್ಮ ಮನೆಗೆ ಹಾಕೋಣ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ ಸುಮಾರು 51 ಘನ ಮೀಟರ್. ಟೈಲ್ಸ್ ನೆಲ, ಬರಿ ಗೋಡೆಯ ಖಾಲಿ ಕೋಣೆಯ ಹೀರಿಕೆ 4 ಚದರ ಮೀಟರ್ ತೆರೆದ ಕಿಟಕಿಗೆ ಸಮ ಎಂದು ಹಿಡಿದರೆ ಅನುರಣನೆ ಎರಡು ಸೆಕೆಂಡು. ಜಮಖಾನ, ದಪ್ಪ ಪರದೆ, ಸೋಫಾ, ಪುಸ್ತಕದ ಕಪಾಟು ಸೇರಿ ಹೀರಿಕೆ 16ಕ್ಕೆ ಏರಿದರೆ ಅದು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಸಾವಿರಾರು ರೂಪಾಯಿ ಸುರಿದು ಸ್ಪೀಕರ್ ಬದಲಿಸುವ ಗೆಳೆಯರಿಗೆ ನಾನು ಮೊದಲು ಜಮಖಾನ ಹಾಸಿ ನೋಡಿ ಎನ್ನುವುದು ಇದಕ್ಕೇ. ಆದರೆ ತೆಳು ಬಟ್ಟೆ, ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇ ಇವೆಲ್ಲ ಕೀರಲು ಸದ್ದನ್ನಷ್ಟೇ ಹೀರಿಯಾವು; ಡೊಳ್ಳಿನ ಗುಂಯ್‌ಗುಡುವಿಕೆಗೆ ದಪ್ಪ ವಸ್ತುವೇ ಬೇಕು. ಬೇರೆ ಬೇರೆ ಶ್ರುತಿಗೆ ಹೀರಿಕೆ ಬೇರೆ ಬೇರೆ ಎಂಬುದನ್ನೂ ಸೇಬಿನ್ ಅವರೇ ಅಳೆದು ತೋರಿಸಿದ್ದರು.

ನಮ್ಮ ಶಾಲೆಯ ಸಭಾಭವನಕ್ಕೆ ದೊಡ್ಡ ಸ್ಪೀಕರ್ ಕೊಡಿಸುವ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಸಂತೋಷ. ಆದರೆ ಸ್ಪೀಕರ್ ಸದ್ದು ಹೆಚ್ಚಿದಷ್ಟೂ ತಗಡಿನ ಚಾವಣಿಯಿಂದ ಮರಳುವ ಸದ್ದೂ ಹೆಚ್ಚುತ್ತದೆ. ಸುವರ್ಣ ಮಹೋತ್ಸವದ ದಿನ ಜನ ತುಂಬಿರುವುದರಿಂದ ತೊಂದರೆ ಕಾಣದು. ಒಬ್ಬೊಬ್ಬರೂ ಸುಮಾರು ಅರ್ಧ ಚದರ ಮೀಟರ್ ಕಿಟಕಿಯಷ್ಟು ಸದ್ದು ಹೀರುತ್ತಾರೆ. ಮರುದಿನ ನಲವತ್ತೇ ಮಕ್ಕಳು ಕುಳಿತಾಗ ಹಿಂದಿನ ಸಾಲಿಗೆ ಮೇಷ್ಟ್ರ ಮಾತು ಕಲಸಿಹೋಗುತ್ತದೆ. ಆ ಹಣದ ಅರ್ಧವನ್ನಾದರೂ ಚಾವಣಿಯ ಒಳಮೈಗೆ, ಹಿಂದಿನ ಗೋಡೆಗೆ ಮೀಸಲಿಡಬೇಕೆಂದು ನನ್ನ ಕೋರಿಕೆ.

ಬಾಸ್ಟನ್ನಿನ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ಬಾಗಿಲು ತೆರೆಯಿತು. ಮೊದಮೊದಲು ಕೆಲವು ವಿಮರ್ಶಕರು ಮೂಗು ಮುರಿದರು. ಇಂದು ಅದು ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ. ಅದೇ ವರ್ಷ ಸೇಬಿನ್ ಅವರು ವೈದ್ಯೆ ಜೇನ್ ಕೆಲ್ಲಿ ಅವರನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳು. ಮುಂದೆ ಡೀನ್ ಹುದ್ದೆ, ಮೊದಲ ಮಹಾಯುದ್ಧ ಕಾಲದ ವಿಮಾನ ಸಂಬಂಧಿ ಕೆಲಸ ಹೆಗಲೇರಿದವು. ಮೂತ್ರಪಿಂಡದ ಸೋಂಕು ಕಾಡುತ್ತಿದ್ದರೂ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. 1919ರ ಜನವರಿ 10ರಂದು, ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆಂದೇ ಇಲಿನಾಯ್ ರಾಜ್ಯದ ಜಿನೀವಾದಲ್ಲಿ ಕಟ್ಟಿಸಿದ್ದ ರಿವರ್‌ಬ್ಯಾಂಕ್ ಧ್ವನಿ ಪ್ರಯೋಗಾಲಯದಲ್ಲಿ ನೆಲೆನಿಂತು ಕೆಲಸ ಮಾಡುವ ಅವಕಾಶ ಅವರಿಗೆ ದಕ್ಕಲಿಲ್ಲ. ಅಲ್ಲಿನ ಹೊಣೆಯನ್ನು ದೂರದ ಸಂಬಂಧಿ ಪಾಲ್ ಸೇಬಿನ್ ಹೊತ್ತರು. ಸದ್ದಿನ ಹೀರಿಕೆಯ ಮಾನಕ್ಕೆ ಈಗಲೂ ‘ಸೇಬಿನ್’ ಎಂದೇ ಹೆಸರು.