ಕೀಟದ ಕಣ್ಣಲ್ಲಿ ಗೋಪುರ ನೋಡಿದ ಬಟ್ಟೆ ವ್ಯಾಪಾರಿ

ಹೈಸ್ಕೂಲ್ ಬಯಾಲಜಿಯಲ್ಲಿ ಲೀವೆನ್‌ಹುಕ್ ಅಂದ್ರೆ ಬ್ಯಾಕ್ಟೀರಿಯಾ ಕಂಡವನು, ಅಷ್ಟೇ. ಆದರೆ ಕೀಟದ ಕಣ್ಣಿನ ಮಾದರಿಯಲ್ಲಿ ಹತ್ತಾರು ಕ್ಯಾಮೆರಾ ಜೋಡಿಸಿ ಸುತ್ತಲೂ ನೋಡುವ ಸಿಸ್ಟಮ್ ಕಟ್ಟುವವರಿಗೂ ಈತ ಬೇಕಾದವನೇ.

ಆಂಟನಿ ವಾನ್ ಲೀವೆನ್‌ಹುಕ್ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್‌ನಲ್ಲಿ. ಬುಟ್ಟಿ ಹೆಣೆಯುತ್ತಿದ್ದ ಅಪ್ಪ ಬೇಗ ತೀರಿಕೊಂಡ. ಹುಡುಗ ಆಂಸ್ಟರ್‌ಡ್ಯಾಮ್‌ನ ಬಟ್ಟೆ ವ್ಯಾಪಾರಿಯ ಹತ್ತಿರ ಕೆಲಸ ಕಲಿತು, ಊರಿಗೆ ವಾಪಸ್ ಬಂದು ಸ್ವಂತ ಅಂಗಡಿ ಹಾಕಿದ. ಬಟ್ಟೆಯ ಎಳೆ ಎಣಿಸೋಕೆ ಆಗಿನ ವ್ಯಾಪಾರಿಗಳು ಭೂತಗನ್ನಡಿ ಇಟ್ಟುಕೊಳ್ತಿದ್ದರು. ಲೆನ್ಸಿನ ಹುಚ್ಚು ಅಲ್ಲಿಂದಲೇ ಹಿಡಿದಿರಬೇಕು.

ಕಾಲೇಜು ಕಂಡವನಲ್ಲ, ಲ್ಯಾಟಿನ್ ಬರ್ತಿರಲಿಲ್ಲ. ಆ ಕಾಲದಲ್ಲಿ ವಿಜ್ಞಾನಿಗಳಿಗೆ ಲ್ಯಾಟಿನ್ ಅಂದ್ರೆ ನಮಗೆ ಈಗ ಇಂಗ್ಲಿಷ್ ಇದ್ದ ಹಾಗೆ. ಆದರೂ 1673ರಿಂದ ಐವತ್ತು ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು ತನ್ನ ಡಚ್ಚಿನಲ್ಲೇ. ಅನುವಾದದ ಕಷ್ಟ ಸೊಸೈಟಿಯದು! 1676ರಲ್ಲಿ ಬ್ಯಾಕ್ಟೀರಿಯಾ ಬಗ್ಗೆ ಬರೆದಾಗ ಅವರು ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ಸ್ವತಃ ನೋಡಿ ತೋರಿಸಿದ ಮೇಲೆ ಒಪ್ಪಿದರು. 1680ರಲ್ಲಿ ಈತ ಸೊಸೈಟಿಯ ಫೆಲೋ ಆದ.

ನನಗೆ ಇಷ್ಟವಾದ ಪ್ರಯೋಗ 1690ರ ದಶಕದ್ದು. ಕೀಟದ ಕಣ್ಣಿನ ಹೊರಪದರ, ಅಂದ್ರೆ ಕಾರ್ನಿಯಾ ಬಿಡಿಸಿ, ತೊಳೆದು, ತನ್ನ ಒಂಟಿ ಲೆನ್ಸಿನ ಮೈಕ್ರೋಸ್ಕೋಪಿನ ಮುಂದಿಟ್ಟ. ಆಚೆ ಮೇಣದಬತ್ತಿ. ಕಂಡದ್ದು ಒಂದು ಜ್ವಾಲೆಯಲ್ಲ, ಸಾಲು ಸಾಲು ಜ್ವಾಲೆ, ಎಲ್ಲವೂ ತಲೆಕೆಳಗು. ಚರ್ಚಿನ ಗೋಪುರದ ಕಡೆ ತಿರುಗಿಸಿದರೆ ಸೂಜಿಮೊನೆಯಂಥ ಪುಟ್ಟ ಪುಟ್ಟ ಗೋಪುರಗಳು.

ಇಷ್ಟೊಂದು ಚಿತ್ರಗಳಿದ್ದೂ ಕೀಟಕ್ಕೆ ಒಂದೇ ಗೋಪುರ ಕಾಣೋದು ಹೇಗೆ? 1826ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರ್ ಉತ್ತರ ಕೊಟ್ಟ: ಪ್ರತಿ ಲೆನ್ಸಿನ ಕೆಳಗಿರುವ ಭಾಗ ಪೂರ್ತಿ ಚಿತ್ರ ನೋಡೋದೇ ಇಲ್ಲ, ತನ್ನ ದಿಕ್ಕಿನ ಬೆಳಕನ್ನಷ್ಟೇ ತಗೊಳ್ಳುತ್ತೆ. ಒಂದು ಲೆನ್ಸ್, ಒಂದು ಪಿಕ್ಸೆಲ್. ಜೇನುಹುಳದಂಥ ಹಗಲಿನ ಕೀಟಗಳ ಮಟ್ಟಿಗೆ ಇದು ಸರಿ.

ಎಂಜಿನಿಯರುಗಳಿಗೆ ಆ ಅದೃಷ್ಟ ಇಲ್ಲ. ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್‌ನಲ್ಲಿ ಮಾಡಿದ ಪ್ಯಾನೊಪ್ಟಿಕ್ ಕ್ಯಾಮೆರಾದಲ್ಲಿ ಅರ್ಧಗೋಳದ ಮೇಲೆ ಸುಮಾರು ನೂರು ಕ್ಯಾಮೆರಾಗಳಿವೆ, ಪ್ರತಿಯೊಂದೂ ಪೂರ್ತಿ ಚಿತ್ರ ಕೊಡುತ್ತೆ. ಒಂದೇ ಗೋಪುರ ಅಕ್ಕಪಕ್ಕದ ಹಲವು ಕ್ಯಾಮೆರಾಗಳಲ್ಲಿ ಬೀಳುತ್ತೆ. ಯಾವ ದಿಕ್ಕಿಗೆ ಯಾರ ಪಿಕ್ಸೆಲ್ ಅಂತ ಪ್ರತಿ ಫ್ರೇಮಿಗೂ, ವಿಡಿಯೋ ಓಡುತ್ತಿರುವಾಗಲೇ, ಎಫ್‌ಪಿಜಿಎ ಚಿಪ್ ಲೆಕ್ಕ ಹಾಕಬೇಕು. ಲೀವೆನ್‌ಹುಕ್ ಕಂಡ ಆ ಗೋಪುರಗಳ ಜಾತ್ರೆಯೇ ಇವರ ಇನ್‌ಪುಟ್.

ಒಂದು ವಿಷಯಕ್ಕೆ ಮಾತ್ರ ಈತನ ಮೇಲೆ ನನಗೆ ಸಿಟ್ಟಿದೆ. ತನ್ನ ಅತ್ಯುತ್ತಮ ಲೆನ್ಸುಗಳನ್ನ ಮಾಡುವ ವಿಧಾನವನ್ನ ಯಾರಿಗೂ ಹೇಳಿಕೊಡಲಿಲ್ಲ. 1723ರಲ್ಲಿ, ತೊಂಬತ್ತು ವರ್ಷ ಬದುಕಿ ತೀರಿಕೊಂಡ ಮೇಲೆ, 26 ಬೆಳ್ಳಿ ಮೈಕ್ರೋಸ್ಕೋಪುಗಳು ರಾಯಲ್ ಸೊಸೈಟಿಗೆ ಹೋದವು. ಆಮೇಲೆ ಅವೂ ಕಳೆದುಹೋದವು.